ಗೋಧಿ ಬಣ್ಣದ ಆತ್ಮಕಥೆ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದ ಮಾತೆಂದು ಮೊದಲು ಘೋಷಿಸಿದವರು ನಾಟಿಂಗ್‌ಹ್ಯಾಮಿನಲ್ಲಿ ಡಾಕ್ಟರಾಗಿರುವ ನನ್ನ ಭಾವ, ಅಂದರೆ ಗಂಡನ ಅಣ್ಣ. "ಸುಮಾ, ನೀನು ಡಿಗ್ರಿ ತಗೊಂಡ ದಿನ ನಾನು ಆಪರೇಷನ್ ಬಿಟ್ಟು ದೋಸೆ ಹುಯ್ಯೋಕೆ ನಿಲ್ತೀನಮ್ಮ," ಎಂದು ಮೂರನೆಯ ದೋಸೆ ಹಾಕಿಸಿಕೊಳ್ಳುತ್ತ ಅಂದರು. ಹುಯ್ಯುತ್ತಿದ್ದವಳು ನಾನೇ. ಅದರ ಅಂಚು ತುಸು ಸೀದುಹೋದದ್ದಕ್ಕೆ ಕ್ಷಮಾಪಣೆ ಕೇಳಲಿಲ್ಲ.

ಅವರ ಸಂಶಯ ನಿರಾಧಾರವೇನಲ್ಲ. ನನ್ನಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಫಿಟ್ಟರು. ನಮ್ಮ ವಂಶವೃಕ್ಷದಲ್ಲಿ ಪಿಯುಸಿಗಿಂತ ಎತ್ತರದ ಕೊಂಬೆಯೇ ಇರಲಿಲ್ಲ. ಗಂಡ ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅವರ ಶಿಫ್ಟಿಗೂ ಮಕ್ಕಳ ಸ್ಕೂಲಿಗೂ ನಡುವೆ ಸಂದು ಹುಡುಕಿ ಆರು ವರ್ಷ, ವಾರಕ್ಕೆರಡು ಸಂಜೆ, ಮ್ಯಾಂಚೆಸ್ಟರಿನ ರೈಲು ಹತ್ತಿದವಳು ನಾನು. ಕೊನೆಯ ವರ್ಷ 'ಕಪ್ಪು ಮಹಿಳೆಯರ ಆತ್ಮಕಥೆಗಳು' ಎಂಬ ವಿಷಯ ಆರಿಸಿಕೊಂಡದ್ದು ಜ್ಞಾನದಾಹದಿಂದ ಎಂದುಕೊಳ್ಳಬೇಡಿ. ಆ ಪಾಠ ಮಂಗಳವಾರ ಸಂಜೆ, ಅಂದು ಗಂಡನಿಗೆ ಬೆಳಗಿನ ಶಿಫ್ಟು ಇತ್ತು, ಅಷ್ಟೇ.

ಪಾಠ ಹೇಳುತ್ತಿದ್ದವರು ಮಾರ್ಸಿಯಾ. ಹುಟ್ಟಿದ್ದು ಲೀಡ್ಸಿನಲ್ಲಿ, ತಂದೆತಾಯಿ ಜಮೈಕಾದವರು. ಪರರ ಬದುಕು ಓದುವ ಮುನ್ನ ನಿಮ್ಮದನ್ನು ಒಂದು ಪುಟ ಬರೆದು ತನ್ನಿ ಅಂದರು. ನಾನು ಕಂಡಿದ್ದ ಏಕೈಕ ಆತ್ಮಚರಿತ್ರೆಯೆಂದರೆ ಅಪ್ಪ ನನ್ನ ಮದುವೆಗೆಂದು ಟೈಪ್ ಮಾಡಿಸಿದ್ದ ಬಯೋಡೇಟಾ. ಅದೇ ಜಾಡಿನಲ್ಲಿ ಅಜ್ಜನ ಊರು, ಅಪ್ಪನ ಹುದ್ದೆ, ಭಾವನ ಡಾಕ್ಟರಿಕೆ, ನಕ್ಷತ್ರ, ಎತ್ತರ ಎಲ್ಲವನ್ನೂ ಭಕ್ತಿಯಿಂದ ನಮೂದಿಸಿ, ಬಣ್ಣ ಗೋಧಿ ಎಂದೂ ಬರೆದೆ. ಮಹನೀಯರೇ, ನಾನು ದೋಸೆ ಹೆಂಚಿನಷ್ಟು ಕಪ್ಪು. ಅಪ್ಪ ಗೋಧಿ ಅಂದದ್ದು ಪಿತೃವಾತ್ಸಲ್ಯ. ನಾನು ಇಪ್ಪತ್ತು ವರ್ಷದ ಮೇಲೂ ಅದನ್ನೇ ನಕಲು ಮಾಡಿದ್ದು ಶುದ್ಧ ಪೆದ್ದುತನ.

ಮಾರ್ಸಿಯಾ ಓದಿ, ಕನ್ನಡಕ ತೆಗೆದು, ತಮ್ಮ ಕಪ್ಪು ಕೈಯನ್ನು ನನ್ನ ಕೈಯ ಪಕ್ಕದಲ್ಲಿಟ್ಟರು. "ಗೋಧಿಯನ್ನು ನಾನೂ ನೋಡಿದ್ದೇನೆ. ಈ ಪುಟದಲ್ಲಿ ನೀನು ಎಲ್ಲಿದ್ದೀಯ?" ಕೊನೆಯ ಪ್ರಬಂಧವನ್ನೂ ಹೀಗೇ ಬರೆದರೆ ಪಾಸು ಮಾಡಲಾರೆ ಎಂದೂ ನಿಷ್ಠುರವಾಗಿ ಹೇಳಿದರು. ಭಾವನ ಭವಿಷ್ಯವಾಣಿ ಫಲಿಸುವುದಕ್ಕೆ ಇನ್ನು ಒಂದೇ ಪ್ರಬಂಧದ ಅಂತರ.

ರೈಲಿನಲ್ಲಿ ಆ ಆತ್ಮಕಥೆಗಳನ್ನು ಓದುತ್ತ ಹೋದೆ. ಒಂದರ ಹಿಂದೊಂದು ಪುಸ್ತಕದಲ್ಲಿ ಒಬ್ಬ ಹುಡುಗಿ ಅನ್ಯರ ಕಣ್ಣಿನಿಂದ ಕನ್ನಡಿ ನೋಡಿಕೊಳ್ಳುತ್ತಾಳೆ. ಅವಳ ಗುಂಗುರು ಕೂದಲನ್ನು ಬಿಸಿ ಬಾಚಣಿಗೆಯಿಂದ ನೇರ ಮಾಡುತ್ತಾರೆ. ಅವಳು ಕೆಲಸಕ್ಕಿರುವ ಮನೆಯ ಯಜಮಾನಿತಿ ಬಾಯಿಗೆ ಸುಲಭವೆಂದು ಅವಳಿಗೆ ಬೇರೆಯದೇ ಹೆಸರಿಡುತ್ತಾಳೆ. ನೂರಾರು ಪುಟ ದಾಟಿದ ಮೇಲೆ ಅದೇ ಹುಡುಗಿ ಪೆನ್ನು ಹಿಡಿದು, ನಾನು ಇಂಥವಳು, ನನ್ನನ್ನು ಹೆತ್ತವಳು ಇಂಥವಳು ಎಂದು ತಾನೇ ಹೇಳುತ್ತಾಳೆ. ಹೇಳುತ್ತ ಹೇಳುತ್ತಲೇ ಹಾಗೆ ಆಗುತ್ತಾಳೆ. ಅವರ ಬೆನ್ನ ಮೇಲಿನ ಚರಿತ್ರೆ ನನ್ನದಲ್ಲ, ಅದಕ್ಕೆ ಪಾಲು ಕೇಳುವ ಉದ್ಧಟತನವೂ ನನಗಿಲ್ಲ. ಆದರೆ ಆ ಬಿಸಿ ಬಾಚಣಿಗೆ ನಮ್ಮ ಕಡಲೆಹಿಟ್ಟು ಅರಿಶಿನಕ್ಕೆ ಅಕ್ಕನಾಗಬೇಕು.

ಕಡೆಗೆ ಪ್ರಬಂಧವನ್ನು ಗಂಡನಿಗೂ ಹೇಳದಿದ್ದ ಒಂದು ಸಂಗತಿಯಿಂದ ಶುರುಮಾಡಿದೆ. ನನ್ನನ್ನು ನೋಡಲು ಗಂಡಿನವರು ಬಂದ ದಿನ, ನನಗೆ ಪೌಡರು ಮೆತ್ತಿ, ತಾಯಿಯ ಬಣ್ಣವೂ ಕಂಡರೆ ಸಂಬಂಧ ಮುರಿದೀತೆಂದು ಅವ್ವನನ್ನು ಅಡಿಗೆಮನೆಯಲ್ಲೇ ಕೂಡಿಸಿ, ಬೆಳ್ಳಗಿದ್ದ ಚಿಕ್ಕಮ್ಮನ ಕೈಲಿ ಕಾಫಿ ಕಳಿಸಿದ್ದರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದುದನ್ನೂ ಬರೆದೆ. ಬರೆದಾದ ಮೇಲೆ, ನಿಜ ಹೇಳುತ್ತೇನೆ, ಹಸಿವಾಯಿತು.

ಪಾಸಾದೆ, ಅದೂ ಮೊದಲ ದರ್ಜೆಯಲ್ಲಿ. ಜಂಬವೆಂದರೆ ಜಂಬವೇ ಅನ್ನಿ, ಬೆವರು ಸುರಿಸಿ ಗಳಿಸಿದ ಜಂಬ.

ಘಟಿಕೋತ್ಸವಕ್ಕೆ ಅವ್ವ ಹುಬ್ಬಳ್ಳಿಯಿಂದ ಬಂದಳು, ಇಳಕಲ್ ಸೀರೆಯ ಮೇಲೆ ಅಳಿಯನ ಸ್ವೆಟರ್ ತೊಟ್ಟು. ಹೊರಗೆ ಗಂಡ ಕ್ಯಾಮೆರಾ ಹಿಡಿದಾಗ, ಯಾರೂ ಹೇಳದಿದ್ದರೂ ಹಿಂದೆ ಸರಿದು ಕಂಬದ ಮರೆಗೆ ನಿಂತಳು. ನಾನು ಹೋಗಿ ಪದವಿಪತ್ರವನ್ನು ಅವಳ ಎರಡೂ ಕೈಗೆ ಕೊಟ್ಟು, ನನ್ನ ಪ್ರಬಂಧದ ಮೊದಲ ಪುಟದಲ್ಲಿ ಇರುವವಳು ಅವಳೇ ಎಂದೂ, ಅಂದು ಸುಮ್ಮನಿದ್ದದ್ದು ನನ್ನ ತಪ್ಪೆಂದೂ ಹೇಳಿದೆ. ಅವ್ವ ಸ್ವೆಟರ್ ಬಿಚ್ಚಿ ನನ್ನ ಕೈಗಿತ್ತು, ಸೆರಗು ಸರಿಮಾಡಿಕೊಂಡು, ಪತ್ರ ಹಿಡಿದುಕೊಂಡೇ ಬೆಳಕಿಗೆ ಬಂದಳು.

"ಅಳಿಯಾರ, ನಾ ನಡುವ ನಿಂದರ್ತೀನಿ. ನನ್ನ ಮಾರಿ ಚೊಲೋತ್ನಂಗ ಕಾಣ್ಬೇಕ್ ನೋಡ್ರಿ."