ಓರೆ ಕಿಟಕಿಯ ಪರದೆ

ಗೇಣಕ್ಕ ಆ ಹಡಗಿನೊಳಗೆ ಒಂದು ದಿನವೂ ಕಾಲಿಟ್ಟವಳಲ್ಲ. ಆದರೂ ಅದರ ಹನ್ನೊಂದು ಕೋಣೆಗಳ ಪರದೆ, ದಿಂಬು, ಸೋಫಾದ ಮೆತ್ತೆ, ಹಾಸಿಗೆಯ ಹೊದಿಕೆ ಒಂದೊಂದೂ ಅವಳ ಕೈಯಲ್ಲೇ ಹಾದುಹೋಗಿದ್ದವು. ಸಾಹುಕಾರರೊಬ್ಬರು ತಮ್ಮ ವಿಹಾರಕ್ಕೆಂದು ಕಟ್ಟಿಸಿದ ತೊಂಬತ್ತಾರು ಅಡಿ ಉದ್ದದ ಯಾಟ್ ಅದು. ನೀರಿಗಿಳಿದು ನಲವತ್ತೊಂದು ವರ್ಷವಾಯಿತು. ಈಗ ಅದು ಯಾವ ನೀರಿನಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕಟ್ಟಿದ ಕಾರ್ಖಾನೆಗೂ ಬೀಗ ಬಿದ್ದು ಗೇಟಿನ ಸರಳುಗಳು ತುಕ್ಕು ಹಿಡಿದಿವೆ.

ಅವಳಿಗೆ ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಹದಿನಾಲ್ಕನೆಯ ವಯಸ್ಸಿಗೆ ತಾಯಿ ಅವಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಹೊಲಿಗೆ ಕೋಣೆಯಲ್ಲಿ ಕೂರಿಸಿ ಬಂದಿದ್ದಳು. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿ. ಟೇಪಿನ ಮೇಲಿನ ಇಂಚು, ಅರೆ ಇಂಚು, ಕಾಲು ಇಂಚಿನ ಗೆರೆಗಳನ್ನು ಕಂಡರೆ ತಲೆ ಗಿರ್ರೆನ್ನುತ್ತಿತ್ತು. ಟೇಪನ್ನು ಬದಿಗೆ ಸರಿಸಿ ಗೇಣು ಹಾಕಿ, ಉಳಿದದ್ದಕ್ಕೆ ಬೆರಳಿಟ್ಟು ಅಳೆದಳು. ಮೊದಲು ಎಲ್ಲರೂ ನಕ್ಕು ಗೇಣಕ್ಕ ಎಂದು ಕರೆದರು. ಅವಳು ಕತ್ತರಿಸಿದ ಬಟ್ಟೆ ಒಂದು ನೂಲೂ ಹೆಚ್ಚುಕಡಿಮೆಯಾಗದ್ದನ್ನು ಕಂಡಮೇಲೆ ನಗು ನಿಂತು ಹೆಸರು ಉಳಿಯಿತು.

ಮೊದಲ ವರ್ಷಗಳೆಲ್ಲ ದೋಣಿಗೆ ಹೊದಿಸುವ ದಪ್ಪ ಕ್ಯಾನ್ವಾಸ್ ಹೊಲಿದು ಹೊಲಿದು ಅವಳ ಬಲಗೈ ಹೆಬ್ಬೆರಳು ಕೊರಡಿನ ಹಾಗಾಗಿತ್ತು. ಆಮೇಲೆ ಸಾಹುಕಾರರ ಹಡಗು ಬಂತು. ಅದರ ಜೊತೆಗೆ ಹಾಲಿನ ಕೆನೆಯಂಥ ಬಟ್ಟೆಯ ಸುರುಳಿಗಳು ಬಂದವು. ಹೊಲಿಗೆ ಕೋಣೆಯ ಹೆಂಗಸರು ಸೋಪು ಹಾಕಿ ಕೈ ತೊಳೆದೇ ಅದನ್ನು ಮುಟ್ಟಬೇಕಿತ್ತು. ಕಿಟಕಿಯಿಂದ ವಾರ್ನಿಷ್ ವಾಸನೆ, ಕೆಳಗಿನಿಂದ ಗರಗಸದ ಸದ್ದು. ಮಧ್ಯಾಹ್ನ ಸೈರನ್ ಕೂಗಿದಾಗ ಎಲ್ಲರೂ ಗೋಡೆಯ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಆ ಏಳು ತಿಂಗಳು ಅವಳಿಗೆ ಮದುವೆ ಮನೆಯಂತೆ ಕಳೆದುಹೋಯಿತು.

ಆದರೆ ಹೆಂಗಸರಿಗೆ ಹಡಗು ಹತ್ತುವ ಹಾಗಿರಲಿಲ್ಲ. "ಸೂಜಿ ಬೀಳಿಸಿಬಿಡ್ತೀರಿ. ನಾಳೆ ಸಾಹುಕಾರರ ಕಾಲಿಗೆ ಚುಚ್ಚಿದ್ರೆ ನನ್ನ ಕತ್ತು ಹೋಗುತ್ತೆ" ಎಂದು ಮೇಸ್ತ್ರಿ ಖಂಡಿತವಾಗಿ ಹೇಳಿದ್ದ. ಅಳತೆ ಚೀಟಿಯಲ್ಲಿ ಬರುತ್ತಿತ್ತು, ಹೊಲಿದದ್ದು ಬುಟ್ಟಿಯಲ್ಲಿ ಹೋಗುತ್ತಿತ್ತು.

ಆಮೇಲೆ ಮದುವೆಯಾಯಿತು. ಲಾರಿ ಓಡಿಸುತ್ತಿದ್ದ ಗಂಡ ಹದಿನೆಂಟು ವರ್ಷ ಜೊತೆಗಿದ್ದು ತೀರಿಕೊಂಡ. ಮಗಳು ಎರಡು ಬೀದಿ ಆಚೆ ಸಂಸಾರ ಹೂಡಿದ್ದಾಳೆ. ಗೇಣಕ್ಕ ತಮ್ಮನ ಮನೆಯ ಮಹಡಿ ಕೋಣೆಯಲ್ಲಿ ಮೆಷಿನ್ ಇಟ್ಟುಕೊಂಡು, ಬೀದಿಯವರ ಹರಿದದ್ದು ಸಡಿಲವಾದದ್ದನ್ನೆಲ್ಲ ಸರಿಮಾಡುತ್ತ ಇದ್ದಾಳೆ.

ತಮ್ಮನೂ ಅದೇ ಕಾರ್ಖಾನೆಯಲ್ಲಿ ಬಡಗಿಯಾಗಿದ್ದವನು. ಮಂಡಿ ಹಿಡಿದುಕೊಂಡು ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರಲಾರದೆ, ನಾಲ್ಕು ವರ್ಷದ ಹಿಂದೆ ಆ ಹಡಗಿನ ಮಾದರಿ ಕಟ್ಟಲು ಕೂತ. ಎರಡಡಿಗೆ ಒಂದಂಗುಲದ ಲೆಕ್ಕ. ತೊಂಬತ್ತಾರು ಅಡಿಯ ಹಡಗು ನಾಲ್ಕಡಿಯಾಗಿ ಊಟದ ಮೇಜಿನ ಮೇಲೆ ಮಲಗಿತು. ಹಳೇ ಪೆಟ್ಟಿಗೆಯ ತೇಗವನ್ನು ಕಾಗದದಷ್ಟು ತೆಳ್ಳಗೆ ಸೀಳಿ ಡೆಕ್ಕಿನ ನೆಲ ಜೋಡಿಸಿದ. ತಲೆಪಿನ್ನು ಬಗ್ಗಿಸಿ ಕಟಕಟೆ ಮಾಡಿದ. ಕೆಟ್ಟುಹೋದ ಕೈಗಡಿಯಾರದ ಹಲ್ಲುಚಕ್ರ ಚುಕ್ಕಾಣಿಯಾಯಿತು. ಚಾವಣಿಯನ್ನು ಎತ್ತಿದರೆ ಒಳಗೆ ಮಂಚ, ಬೀರು, ಕಡಲೆಕಾಳಿನಷ್ಟಿದ್ದ ಕೈತೊಳೆಯುವ ಬೋಗುಣಿ.

"ಹಡಗು ಮೇಜಿನ ಮೇಲೆ, ನಾವು ನೆಲದ ಮೇಲೆ" ಎಂದು ತಮ್ಮನ ಹೆಂಡತಿ ಬಂದವರೆದುರು ಹೇಳುತ್ತಿದ್ದಳು. "ಬಾಡಿಗೆಯಾದ್ರೂ ಕೇಳೋಣ ಅಂದ್ರೆ, ಇನ್ನೂ ರೂಮು ರೆಡಿ ಇಲ್ವಂತೆ."

ಊರಿನ ವಾಚನಾಲಯದವರು ಬಂದು ನೋಡಿ ಬೆರಗಾಗಿ, ತಮಗೆ ಕೊಡಿ ಎಂದರು. ಧೂಳು ಕೂರದಂತೆ ಗಾಜಿನ ಪೆಟ್ಟಿಗೆಯೊಳಗಿಟ್ಟು ಅಂಟು ಹಾಕಿ ಮುಚ್ಚಿಬಿಡುವುದು ಎಂದಾಯಿತು. ಗಾಜಿನವನು ಅಳತೆ ತೆಗೆದುಕೊಂಡು, ಸೋಮವಾರ ಬರುತ್ತೇನೆಂದು ಹೋದ.

ಉಳಿದದ್ದು ಪರದೆಗಳು. ಮಹಡಿಯ ಮೆಟ್ಟಿಲ ಬುಡದಲ್ಲಿ ನಿಂತು ತಮ್ಮ ಕೂಗಿದ.

"ಅಕ್ಕಾ, ಸ್ವಲ್ಪ ಇಳಿದು ಬಾ. ನಿನ್ನ ಕೈ ಬೇಕು."

ಅವಳು ಮೊದಲು ರೇಷ್ಮೆ ತುಂಡಿನಲ್ಲಿ ಹೊಲಿದು ನೋಡಿದಳು. ಅಷ್ಟು ಚಿಕ್ಕದಾದಾಗ ರೇಷ್ಮೆ ತಗಡಿನ ಹಾಗೆ ಸೆಟೆದು ನಿಂತಿತು. ಮರವನ್ನು ಎಷ್ಟು ಬೇಕಾದರೂ ತೆಳ್ಳಗೆ ಸೀಳಬಹುದು, ಬಟ್ಟೆ ಹಾಗಲ್ಲ. ಯೋಚಿಸಿ ಯೋಚಿಸಿ, ಒಗೆದು ಒಗೆದು ಸವೆದ ತನ್ನದೇ ದಿಂಬಿನ ಚೀಲ ಹರಿದಳು. ತೆಳು ಗಂಜಿಯಲ್ಲಿ ಅದ್ದಿ, ಹೆಣಿಗೆಯ ಕಡ್ಡಿಗಳ ಮೇಲೆ ಮಡಿಕೆ ಮಡಿಕೆಯಾಗಿ ಒಣಗಿಸಿದಳು. ಅದು ನಿಜವಾದ ಪರದೆಯಂತೆ ಜೋತುಬಿತ್ತು.

ಹತ್ತು ಕೋಣೆ ಮುಗಿಯಿತು. ಹನ್ನೊಂದನೆಯದು ಹಡಗಿನ ಮೂತಿಯ ಕಡೆಯ ದೊಡ್ಡ ಮಲಗುವ ಕೋಣೆ. ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ಮತ್ತೆ ನೋಡಿದಳು.

"ಇದೇನೋ ಇದು, ಕಿಟಕಿ ಚೌಕ ಮಾಡಿದ್ದೀಯ?"

"ಚೌಕ ಅಲ್ಲದೆ? ಕಿಟಕಿ ಏನು ದುಂಡಗಿರುತ್ತಾ?"

"ಇದರ ಮೇಲಂಚು ಓರೆ ಕಣೋ. ಮೂತಿ ಕಡೆ ತಗ್ಗು, ಹಿಂದಕ್ಕೆ ಬರ್ತಾ ಎತ್ತರ. ಮೂರು ಬೆರಳು ವ್ಯತ್ಯಾಸ."

ತಮ್ಮ ಉಳಿ ಕೆಳಗಿಟ್ಟ. "ಅಕ್ಕಾ, ಆ ಗೋಡೆಗೆ ಹಲಗೆ ಹೊಡೆದವನು ನಾನು. ಒಳಗೆ ಓಡಾಡಿದವನು ನಾನು. ನೀನು ಹೋಗಿದ್ದೆಯಾ? ಇಲ್ಲ. ಮತ್ತೆ?"

ಗೇಣಕ್ಕನಿಗೆ ಆ ಮಾತು ಎದೆಗೆ ನಾಟಿತು. ಆ ಕಿಟಕಿಯನ್ನು ಅವಳು ಮರೆಯುವುದೆಂದರೇನು! ಚೀಟಿಯಲ್ಲಿ ಒಂದೇ ಎತ್ತರ ಬರೆದು ಬಂದಿತ್ತು. ಅವಳು ಹಾಗೆಯೇ ಕತ್ತರಿಸಿದ್ದಳು. ಮೇಸ್ತ್ರಿ ಆ ಜೋಡಿಯನ್ನು ಎಲ್ಲರೆದುರು ಅವಳ ಮಡಿಲಿಗೆ ಎಸೆದು, "ಕಿಟಕಿ ಓರೆ ಇದೆ, ಕಣ್ಣು ಎಲ್ಲಿಟ್ಟಿದ್ದೆ?" ಎಂದಿದ್ದ. ನೋಡಲು ಬಿಟ್ಟರೆ ತಾನೇ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು, ಅವನು ಸೀಮೆಸುಣ್ಣದಲ್ಲಿ ಗೀಚಿದ ಗೆರೆ ಹಿಡಿದು ಎರಡನೆಯ ಸಲ ಕತ್ತರಿಸಿದ್ದಳು. ಅದೂ ವಾಪಸ್ಸು ಬಂತು. ಮೂರನೆಯ ಸಲ ಗೆರೆಯನ್ನು ಬಿಟ್ಟು, ಕೋಣೆಯನ್ನೇ ಕಣ್ಣ ಮುಂದೆ ತಂದುಕೊಂಡು ಕತ್ತರಿ ಆಡಿಸಿದಳು. ಅದು ವಾಪಸ್ಸು ಬರಲಿಲ್ಲ. ಇಡೀ ಜೀವಮಾನದ ಹೊಲಿಗೆಯಲ್ಲಿ ಇದು ನನ್ನದು ಎಂದು ಅವಳು ಒಳಗೊಳಗೇ ಇಟ್ಟುಕೊಂಡದ್ದು ಆ ಜೋಡಿ ಪರದೆ ಒಂದನ್ನೇ. ಈಗ ತಪ್ಪು ಕಿಟಕಿಯ ಮೇಲೆ ಗಾಜು ಕೂತರೆ, ನೋಡಿದವರಿಗೆಲ್ಲ ಅದೇ ನಿಜವಾಗುತ್ತದೆ.

"ಸೋಮವಾರಕ್ಕೆ ಮೂರೇ ದಿನ" ಎಂದ ತಮ್ಮ. "ಅದನ್ನ ಬಿಚ್ಚಿದ್ರೆ ಗೋಡೆ ಹೋಗುತ್ತೆ, ಮಂಚ ಹೋಗುತ್ತೆ, ಆರು ವಾರದ ಕೆಲಸ. ಯಾರು ನೋಡ್ತಾರೆ ಅಕ್ಕಾ, ಬಿಡು."

"ನಾನು ನೋಡ್ತೀನಲ್ಲ" ಎಂದು ಗೇಣಕ್ಕ ಮೇಲೆ ಹೋದಳು.

ಮರುದಿನ ಬೆಳಿಗ್ಗೆ ಅವಳು ಹಳೇ ಸುದ್ದಿಪತ್ರಿಕೆಗಳನ್ನು ಗಂಜಿಯಿಂದ ಅಂಟಿಸಿ ದೊಡ್ಡ ಹಾಳೆ ಮಾಡಿಕೊಂಡು ಬಂದು ತಮ್ಮನ ನಡುಮನೆಯಲ್ಲಿ ಹರಡಿದಳು. ಮಂಡಿಯೂರಿ ಕೂತಳು. ಗೇಣು ಹಾಕಿದಳು, ಬೆರಳಿಟ್ಟಳು. ಕತ್ತರಿ ಒಂದು ಕಡೆಯೂ ತಡೆಯದೆ ಓಡಿತು. ಕಾಫಿ ತಂದ ತಮ್ಮನ ಹೆಂಡತಿ ಲೋಟ ಹಿಡಿದೇ ನಿಂತುಬಿಟ್ಟಳು.

"ಅತ್ತಿಗೆ, ಇದು ಯಾವ ರಾಕ್ಷಸನ ಅಂಗಿ?"

"ನಿನ್ನ ಗಂಡನ ಕಿಟಕಿಯಮ್ಮಾ. ಅವನಿಗೆ ತೊಡಿಸಬೇಕು."

ತಮ್ಮ ನಗಲಿಲ್ಲ. ಆದರೆ ಬಡಗಿಯ ಕಣ್ಣು ಸುಮ್ಮನಿರಬೇಕಲ್ಲ. ಅಡಿಕೋಲು ತಂದು ಕಾಗದದ ಎರಡೂ ಅಂಚು ಅಳೆದ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಇಪ್ಪತ್ತನಾಲ್ಕರಿಂದ ಭಾಗಿಸಿದ. ಒಂದು ಬೆಂಕಿಕಡ್ಡಿಯ ದಪ್ಪದಷ್ಟು ವ್ಯತ್ಯಾಸ ಬಂತು. ಅವನ ಮುಖ ಬಿಳಿಚಿತು.

ಏಕೆಂದರೆ ಅಷ್ಟೇ ದಪ್ಪದ ಸಂದು ಅವನನ್ನು ಎರಡು ತಿಂಗಳಿಂದ ಕಾಡುತ್ತಿತ್ತು. ಕಿಟಕಿಯ ಹಾಗೇ ಮಟ್ಟಸವಾಗಿ ಕಟ್ಟಿದ್ದ ಆ ಗೋಡೆಗೆ ಕೋಣೆಯ ಚಾವಣಿ ಮೂತಿಯ ಕಡೆ ಕೂರುತ್ತಿತ್ತು, ಹಿಂಬದಿಯಲ್ಲಿ ಬಾಯಿ ಬಿಡುತ್ತಿತ್ತು. ತನ್ನ ಕೈ ನಡುಗಿ ತಪ್ಪಾಗಿದೆ ಎಂದುಕೊಂಡು ಅವನು ಮರದ ಪುಡಿ, ಅಂಟು ಕಲಸಿ ಮೆತ್ತಿದ್ದ. ಯಾರಿಗೂ ಹೇಳಿರಲಿಲ್ಲ.

ಅವನು ಬೆಂಕಿಕಡ್ಡಿಯೊಂದನ್ನು ತಂದು, ಮೆತ್ತಿದ್ದನ್ನು ಉಗುರಿನಿಂದ ಕೆರೆದು, ಸಂದಿನಲ್ಲಿಟ್ಟ. ಅಳತೆ ಮಾಡಿಸಿದ ಹಾಗೆ ಕೂತಿತು.

ತಮ್ಮ ಬಾಯಿ ಬಿಟ್ಟ.

"ಕೆಳಗಿನ ಅರ್ಧ ಗೋಡೆ ಮಾತ್ರ ನನ್ನದು ಅಕ್ಕಾ. ಮೇಲಿನ ಅರ್ಧ, ಕಿಟಕಿ, ಎಲ್ಲ ನನ್ನ ಜೊತೆಗಿದ್ದ ಆ ಕಿವುಡ ಬಡಗಿದು. ಅವನು ತೀರಿಕೊಂಡ ಮೇಲೆ ಇಡೀ ಕೋಣೆ ನಾನೇ ಮಾಡಿದೆ ಅಂತ ಹೇಳ್ಕೊಂಡು ಬಂದೆ. ಹೇಳಿ ಹೇಳಿ ನನಗೇ ನಿಜ ಅನ್ನಿಸಿಬಿಟ್ಟಿತ್ತು."

"ಅದಕ್ಯಾಕೆ ಮುಖ ಸಣ್ಣ ಮಾಡ್ಕೊಳ್ತೀಯ? ಅವನಿದ್ದಿದ್ರೂ ಅವನಿಗೆ ಕೇಳಿಸ್ತಿರಲಿಲ್ಲ" ಎಂದಳು ಗೇಣಕ್ಕ. ತಮ್ಮನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ತಮ್ಮನಿಗೂ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆಮೇಲೆ ಅವನು ಮಂಚವನ್ನು ಜೋಪಾನವಾಗಿ ಬಿಡಿಸಿಟ್ಟು, ಸಣ್ಣ ಗರಗಸ ತಂದು ಆ ಗೋಡೆ ಒಂದಕ್ಕೇ ಇಟ್ಟ. ಆರು ವಾರದ ಕೆಲಸ ಕೊಯ್ಯುವಾಗ ಅವನ ಕೈ ನಡುಗಲಿಲ್ಲ. ಶನಿವಾರ ಮತ್ತು ಭಾನುವಾರ ಮನೆಯಲ್ಲಿ ಅಂಟಿನ ವಾಸನೆ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಅಕ್ಕ ತಮ್ಮ ಎದುರುಬದುರು ಕೂತು ಹಳೆಯದನ್ನೆಲ್ಲ ತೆಗೆದರು: ಬಣ್ಣದವನು ಏಣಿಯ ಮೇಲೆ ಹಾಡುತ್ತಿದ್ದದ್ದು, ಹೊಸ ವಾರ್ನಿಷ್ ಮೇಲೆ ಬೆಕ್ಕು ನಡೆದು ಆರು ಹೆಜ್ಜೆ ಮೂಡಿದ್ದು, ಮೇಸ್ತ್ರಿಯ ಚಪ್ಪಲಿಗೆ ಯಾರೋ ಮೊಳೆ ಹೊಡೆದದ್ದು.

"ಯಾರೋ ಅಲ್ಲ" ಎಂದ ತಮ್ಮ.

"ಗೊತ್ತು" ಎಂದಳು ಅಕ್ಕ.

ಭಾನುವಾರ ಸಂಜೆಗೆ ಮೇಲಂಚು ಓರೆಯಾದ ಹೊಸ ಕಿಟಕಿ ನಿಂತಿತು. ಚಾವಣಿ ಇಟ್ಟರೆ ಕೂದಲು ತೂರಲೂ ಸಂದಿಲ್ಲ. ಗೇಣಕ್ಕ ಚಿಮುಟದಲ್ಲಿ ಹಿಡಿದು ಎರಡೂ ಪರದೆ ನೇತುಹಾಕಿದಳು. ಕೆಳಗಿನ ಅಂಚು ಒಂದೇ ಮಟ್ಟಕ್ಕೆ ಬಂತು. ಅವಳು ಮೇಜಿಗೆ ಗಲ್ಲ ಊರಿ ಕಿಟಕಿಗೆ ಕಣ್ಣು ಹಚ್ಚಿದಳು. ಮಂಚ, ದೀಪ, ಕನ್ನಡಿ. ಇದಾ ಆ ಕೋಣೆ!

"ಒಳಗಿಂದ ಇಲ್ಲಿ ಏನು ಕಾಣ್ತಿತ್ತೋ? ನೀರಾ?"

"ನೀರೆಲ್ಲಿ ಬಂತು, ಹಡಗು ಶೆಡ್ಡಿನೊಳಗಿತ್ತಲ್ಲ" ಎಂದ ತಮ್ಮ ಕೈಯ ಅಂಟು ಒರೆಸಿಕೊಳ್ಳುತ್ತ. "ಈ ಕಿಟಕಿಗೆ ಸರಿಯಾಗಿ ಎದುರಿಗೆ ನಿಮ್ಮ ಹೊಲಿಗೆ ಕೋಣೆ ಕಾಣ್ತಿತ್ತು. ನೀನು ತಲೆ ಬಗ್ಗಿಸಿ ಕೂತಿರ್ತಿದ್ದೆ. ಒಂದು ಸಲನೂ ಎತ್ತಿದ್ದು ನೋಡಲಿಲ್ಲ."

"ಕೂಗಬಾರದಿತ್ತಾ?"

"ಕೂಗಿದೆ ಕಣೇ. ಪರದೆ ಹಾಕಿದ ದಿನ ಕೂಗಿದೆ, ಚೆನ್ನಾಗಿದೆ ಅಂತ. ಹತ್ತು ಮೆಷಿನ್ ಸದ್ದು, ನಿನಗೆಲ್ಲಿ ಕೇಳಿಸಬೇಕು!"

ಗೇಣಕ್ಕ ಕನ್ನಡಕ ತೆಗೆದು ಒರೆಸಿದಳು, ಹಾಕಿಕೊಂಡು ಮತ್ತೆ ತೆಗೆದು ಒರೆಸಿದಳು.

ಸೋಮವಾರ ಗಾಜಿನವನು ಹೇಳಿದ ಹೊತ್ತಿಗೇ ಬಂದ. ಇಬ್ಬರು ಹಿಡಿದು ಪೆಟ್ಟಿಗೆಯನ್ನು ಹಡಗಿನ ಮೇಲೆ ಎತ್ತಿ ನಿಂತರು.

"ಇಳಿಸಲಾ? ಆಮೇಲೆ ತೆಗೆಯೋಕಾಗಲ್ಲ, ನೋಡ್ಕೊಳ್ಳಿ."

"ತಡಿ" ಎಂದಳು ಗೇಣಕ್ಕ. ಸೂಜಿಯ ತುದಿಯಿಂದ ದೊಡ್ಡ ಕೋಣೆಯ ಎತ್ತರದ ಬದಿಯ ಪರದೆಯನ್ನು ಒಳಗಿನಿಂದ ಹೊರಗೆ ಇಣುಕುವಷ್ಟು, ಒಂದು ಮಡಿಕೆ ಪಕ್ಕಕ್ಕೆ ಸರಿಸಿ, ಕೈ ಹಿಂದಕ್ಕೆಳೆದುಕೊಂಡಳು.

"ಹೂಂ, ಈಗ ಇಳಿಸಪ್ಪ."