ಮೋಟಾರಿಗೆ ಹಚ್ಚಿದ ವಿಭೂತಿ

ನಾನು ಚಿಕ್ಕವಳಿದ್ದಾಗ ಸಾಂಗಲಿಯಲ್ಲಿ ಇನ್ನೂ ರಾಜರ ಆಳ್ವಿಕೆಯಿತ್ತು. ಕೃಷ್ಣಾ ನದಿಯಲ್ಲಿ ಹುಟ್ಟು ಹಾಕುವ ದೋಣಿಗಳೇ ಹೆಚ್ಚು. ಒಬ್ಬ ಅರಿಷಿಣ ವ್ಯಾಪಾರಿಯ ದೋಣಿಗೆ ಮಾತ್ರ ಹಿಂಬದಿಗೆ ಸಿಕ್ಕಿಸುವ ಮೋಟಾರಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನಮ್ಮ ಅಪ್ಪ. ಅವನು ಅದನ್ನು ಮನೆಗೆ ಹೊತ್ತು ತಂದು ಬಿಚ್ಚಿದರೆ ಪೆಟ್ರೋಲಿನ ವಾಸನೆ ಅವ್ವನ ಒಗ್ಗರಣೆಯನ್ನೂ ಮುಚ್ಚಿಬಿಡುತ್ತಿತ್ತು. ನಟ್ಟು ಬಿಚ್ಚುವ ಪಾನಾ ಹಿಡಿದು ಅಪ್ಪನ ಪಕ್ಕ ಕೂರುವ ಹಕ್ಕು ಅಕ್ಕನಿಗೆ ಮಾತ್ರ. ನನಗೋ ಹೊಟ್ಟೆಕಿಚ್ಚು.

ಒಂದು ವರ್ಷ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಮೋಟಾರಿನ ಹಗ್ಗ ಎಳೆದು ಶುರು ಮಾಡುವ ಕೆಲಸವನ್ನು ಅಪ್ಪ ಅಕ್ಕನಿಗೇ ಕೊಡುವುದಾಗಿ ಹೇಳಿದ್ದ. ಬೆಳಿಗ್ಗೆ ಅಕ್ಕ ಮೋಟಾರು ಒರೆಸಿ, ಮೇಲೆ ಮೂರೆಳೆ ವಿಭೂತಿ ಬಳಿದು, ಹೂವು ತರಲು ಹೋದಳು. ಮೇಲಿನ ಚಕ್ರದಲ್ಲೊಂದು ಸಣ್ಣ ಕಿಂಡಿ. ಅದರೊಳಗೆ ಒಂದಕ್ಕೊಂದು ತಾಗಿ ಬಿಡುವ ಎರಡು ಪುಟ್ಟ ಲೋಹದ ತುದಿಗಳು. ‘ಕಿಡಿ ಹುಟ್ಟೂದು ಇಲ್ಲೇ, ಮೋಟಾರಿನ ಜೀವ ಇಲ್ಲೇ ಐತಿ’ ಎಂದು ಅಪ್ಪ ಅಕ್ಕನಿಗೆ ತೋರಿಸಿದ್ದನ್ನು ಕದ್ದು ನೋಡಿದ್ದೆ. ಜೀವಕ್ಕೇ ವಿಭೂತಿ ಇಲ್ಲದಿದ್ದರೆ ಅದೆಂಥ ಪೂಜೆ? ಹಸಿ ವಿಭೂತಿಯನ್ನು ಬೆರಳಲ್ಲಿ ತೆಗೆದು ಕಿಂಡಿಯೊಳಗೆ ಚೆನ್ನಾಗಿ ಮೆತ್ತಿದೆ.

ಪೂಜೆ ಮುಗಿದ ಮೇಲೆ, ದಂಡೆಗೆ ಕಟ್ಟಿದ ದೋಣಿಯಲ್ಲಿ ಅಕ್ಕ ಹಗ್ಗ ಎಳೆದಳು. ಎಳೆದೇ ಎಳೆದಳು. ಮೋಟಾರು ಉಸಿರೆತ್ತಲಿಲ್ಲ. ಅಪ್ಪ ಪ್ಲಗ್ ಬಿಚ್ಚಿ, ಕಬ್ಬಿಣಕ್ಕೆ ತಾಗಿಸಿ ಹಿಡಿದು, ‘ಈಗ ಎಳಿ’ ಎಂದ. ಕಿಡಿಯೇ ಇಲ್ಲ. ಬೇರೆ ಪ್ಲಗ್ ಹಾಕಿದ, ವಾಯರ್ ತಿಕ್ಕಿದ. ದಂಡೆಯಲ್ಲಿ ಕಾದು ನಿಂತ ವ್ಯಾಪಾರಿಯ ಮನೆಯವರು ನಗತೊಡಗಿದರು. ಕೊನೆಗೆ ಅಪ್ಪ ಕಿಂಡಿಯೊಳಗೆ ಇಣುಕಿದ. ಮುಖ ಕೆಂಪು ಮಾಡಿಕೊಂಡು ಅಕ್ಕನನ್ನು ಗದರಿದ.

‘ಇಷ್ಟ ದಿನ ಕಲಿಸೇನಿ, ಇದರಾಗ ವಿಭೂತಿ ತುಂಬೀಯಲ್ಲ! ಇನ್ನ ಮ್ಯಾಲೆ ಪಾನಾ ಮುಟ್ಟಬ್ಯಾಡ ನೀ.’

ಅಕ್ಕ ಬೆರಗಾಗಿ ದಂಡೆಯ ಮೇಲಿದ್ದ ನನ್ನತ್ತ ತಿರುಗಿದಳು. ನಾನು ಬಿಳಿ ಹತ್ತಿದ ಬೆರಳನ್ನು ಲಂಗದಲ್ಲಿ ಮುಚ್ಚಿಕೊಂಡೆ. ಅವಳು ಅದನ್ನು ನೋಡಿದಳು.

‘ತಪ್ಪಾತ್ರಿ ಅಪ್ಪಾ,’ ಎಂದಳು.

ಅಪ್ಪ ಆ ತುದಿಗಳನ್ನು ಪೆಟ್ರೋಲಿನ ಅರಿವೆಯಿಂದ ಒರೆಸಿದ, ತಾನೇ ಹಗ್ಗ ಎಳೆದ. ದೋಣಿ ಹೋಯಿತು. ಕೆಳಗಿಳಿದ ಅಕ್ಕ ದಂಡೆಯಲ್ಲೇ ಉಳಿದಳು. ಅಪ್ಪ ಮತ್ತೆಂದೂ ಅವಳನ್ನು ಪಕ್ಕಕ್ಕೆ ಕರೆಯಲಿಲ್ಲ. ನಾನು ಅಪ್ಪನಿಗೆ ನಿಜ ಹೇಳಲೇ ಇಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಮೊಮ್ಮಕ್ಕಳೇ, ಮೊನ್ನೆ ನೀವು ಮಿಕ್ಸರ್ ಬಿಚ್ಚಿ ಕೆಡಿಸಿದಿರಿ, ‘ನಾವೇ ಮಾಡೇವಿ’ ಎಂದು ಓಡಿ ಬಂದು ಹೇಳಿದಿರಿ. ನಿಮ್ಮಪ್ಪ ನಿಮ್ಮನ್ನು ಕೂರಿಸಿಕೊಂಡು ಅದನ್ನು ತಿರುಗಿ ಜೋಡಿಸಲು ಕಲಿಸಿದ. ನಮ್ಮ ಕಾಲದಲ್ಲಿ ಅಪ್ಪನ ಎದುರು ಬಾಯಿ ಬಿಡಲು ಹೆದರಿಕೆ ಇತ್ತು ಎಂದು ನಿಮಗೆ ಹೇಳಬಹುದು. ಆದರೆ ಮಕ್ಕಳೇ, ಮಾಡದ ತಪ್ಪನ್ನು ಒಪ್ಪಿಕೊಂಡ ಅಕ್ಕನೂ ಅದೇ ಕಾಲದವಳೇ ಅಲ್ಲವೇ?