ಪಾದ್ರಿಯವರ ಬಲಗಿವಿ

ನಮ್ಮ ಪಾದ್ರಿಯವರ ಬಲಗಿವಿಯಿಂದ ಬಿಳಿ ಕೂದಲು ಗೋವಿನಜೋಳದ ಜುಟ್ಟಿನಂತೆ ಹೊರಗೆ ಚಾಚಿರುತ್ತಿತ್ತು. ಎಡಗಿವಿ ಕೇಳುತ್ತಿರಲಿಲ್ಲ. ಸಣ್ಣವರು ಏನಾದರೂ ಕೇಳಿದರೆ ಬಗ್ಗಿ ಬಲಗಿವಿ ಕೊಡುತ್ತಿದ್ದರು. ಸಭೆಯ ಹಿರಿಯರು ದೂರು ತಂದರೆ ಎಡಗಡೆ ಕೂರಿಸಿಕೊಳ್ಳುತ್ತಿದ್ದರು. ಬೇಕಂತಲೇ ಹಾಗೆ ಮಾಡುತ್ತಾರೆಂದು ರಾಮದುರ್ಗದ ನಮ್ಮ ಮಂದಿಗೆಲ್ಲ ಗೊತ್ತಿತ್ತು.

ನಾನು ಓದಿದವಳಲ್ಲ. ಬೈಬಲ್ಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತೇನೆ. ತಿಳಿಯದ ಕಡೆ ಆಮೆನ್ ಅಂದು ಮುಂದೆ ಹೋಗುತ್ತೇನೆ. ನನ್ನ ಮೊಮ್ಮಗಳು ಹಾಗಲ್ಲ.

ಅವಳ ಅಪ್ಪ, ಅಂದರೆ ನನ್ನ ಮಗ, ಕಾಮಾಲೆಯಾಗಿ ಮಲಗಿದಾಗ ಸಭೆಯವರೆಲ್ಲ ನಮ್ಮ ಪಡಸಾಲೆಯಲ್ಲಿ ಕುಳಿತು ಪ್ರಾರ್ಥಿಸಿದರು. ಅವನು ಉಳಿಯಲಿಲ್ಲ. ಮರುವರ್ಷ ಅವಳು ದೃಢೀಕರಣದ ಪಾಠಕ್ಕೆ ಹೋದಳು. ನಮ್ಮಲ್ಲಿ ಬೆಳೆದ ಮಕ್ಕಳು ಆ ಪಾಠ ಮುಗಿಸಿ, ಎಲ್ಲರ ಮುಂದೆ ನಿಂತು ‘ನಂಬುತ್ತೇನೆ’ ಅಂದ ಮೇಲೆಯೇ ಸಭೆಗೆ ಸೇರಿದಂತೆ. ಒಂದು ದಿನ ನಾನು ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ಕುಳಿತಿದ್ದೆ. ಅವಳು ಎದ್ದು ನಿಂತು ಕೇಳಿಯೇಬಿಟ್ಟಳು.

“ಅಪ್ಪನ್ನ ಉಳಸಪಾ ದೇವರ ಅಂತ ಆಮೆನ್ ಅಂದ್ವಿ. ಸತ್ತ ಮ್ಯಾಲ ದೇವರ ಚಿತ್ತ ಅಂತ ಅದಕ್ಕೂ ಆಮೆನ್ ಅಂದ್ವಿ. ಎರಡರಾಗ ಯಾವ್ದು ಖರೇರಿ?”

ಅಲ್ಲಿದ್ದ ಹಿರಿಯರೊಬ್ಬರು ಸಿಡಿದರು. “ಪಾಠದಾಗಿಂದ ಈಕಿ ಹೆಸರು ತಗೀರಿ ಪಾದ್ರಿಯವರ. ಉಳದ ಹುಡುಗೂರ್ನೂ ಕೆಡಸ್ತಾಳ.”

ನಾನೂ ಒಳಗೆ ನುಗ್ಗಿದೆ. “ಮುಚ್ಚ ಬಾಯಿ. ನಾಲಿಗಿ ಭಾಳ ಉದ್ದ ಆಗೇತಿ ನಿಂದು!”

“ಅಕ್ಕಾರ, ನೀವು ಸುಮ್ನಿರ್ರಿ. ಆಕಿ ಕೇಳಿದ್ದು ನನ್ನ,” ಅಂದರು ಪಾದ್ರಿಯವರು. ಅವಳ ಕಡೆ ಕಿವಿ ತಿರುಗಿಸಿ ಇನ್ನೊಮ್ಮೆ ಕೇಳಿಸಿಕೊಂಡರು. “ನನಗ ಗೊತ್ತಿಲ್ಲವ್ವಾ. ನನ್ನ ಹೇಣ್ತಿ ಹೋದಾಗ ನಾನೂ ಇದನ್ನ ಕೇಳೇನಿ. ಇನ್ನೂ ಕೇಳಾಕ ಹತ್ತೇನಿ.”

“ಹಂಗಾರ ನಾ ಆಮೆನ್ ಅನ್ನಂಗಿಲ್ಲ.”

“ಅನಬ್ಯಾಡ. ಆಮೆನ್ ಅಂದ್ರ ಖರೇ ಅಂತ ಅರ್ಥ. ಖರೇ ಅನಸದ ಬರೇ ಬಾಯಿಲೆ ಅಂದ್ರ ದೇವರ ಮುಂದ ಸುಳ್ಳ ಹೇಳಿದಂಗ. ಬಂದು ಕುಂದ್ರು, ಅಷ್ಟ ಸಾಕು.”

ಆ ವರ್ಷ ಉಳಿದ ಮಕ್ಕಳೆಲ್ಲ ಬಿಳಿ ಬಟ್ಟೆಯುಟ್ಟು ಮುಂದೆ ನಿಂತರು. ಇವಳು ನನ್ನ ಪಕ್ಕ ಬಾಯಿ ಬಿಗಿದು ಕುಳಿತಿದ್ದಳು. “ಏನಬೇ, ನಿನ್ನ ಮೊಮ್ಮಗಳ ಬಾಯಾಗ ಬೆಲ್ಲ ಐತೇನ?” ಎಂದು ಹಿಂದಿನ ಸಾಲಿನ ಹೆಂಗಸರು ಚುಚ್ಚಿದರು. ಎಲ್ಲ ಮುಗಿದ ಮೇಲೆ ನಾನು ನೇರ ಪಾದ್ರಿಯವರ ಹತ್ತಿರ ಹೋಗಿ, ನೋಡಿಕೊಂಡೇ ಬಲಗಡೆ ಕುಳಿತೆ.

“ಈಕಿ ಒಂದಿನ ಚರ್ಚ್ ಬಿಟ್ಟ ಹೊಕ್ಕಾಳ್ರಿ. ಮಗನ್ನ ಕಳಕೊಂಡೇನಿ, ಈಕಿನ್ನೂ ಕಳಕೊಳ್ಳಲೇನು?”

“ಬಿಟ್ಟ ಹೋಗಾಕಿ ಆಗಿದ್ರ ರವಿವಾರಕ್ಕೊಮ್ಮಿ ಜಗಳಾಡಾಕ ಯಾಕ ಬರತಾಳ? ನಾವು ಬಾಯಿ ಮುಚ್ಚಿಸಿದ್ರ ಬಿಟ್ಟ ಹೊಕ್ಕಾಳ, ಅಕ್ಕಾರ.”

ಜಗಳ ನಿಜವೇ. ಆರಾಧನೆ ಮುಗಿದ ಮೇಲೆ ಪಾದ್ರಿಯವರೂ ಇವಳೂ ಮೆಟ್ಟಿಲ ಮೇಲೆ ಕುಳಿತು, ನಡುವೆ ಚುರಮುರಿ ಇಟ್ಟುಕೊಂಡು ವಾದ ಹಾಕುತ್ತಿದ್ದರು. ಆಮೇಲಾಮೇಲೆ ದೃಢೀಕರಣವಾದ ಹುಡುಗರೂ ಬಂದು ಕೂತರು. ಅವರಲ್ಲೂ ಪ್ರಶ್ನೆಗಳಿದ್ದವು, ಹೆದರಿ ನುಂಗಿಕೊಂಡಿದ್ದರು, ಅಷ್ಟೇ. “ನಿಮಗ ಉತ್ತರ ಬರದಿದ್ದಾಗ ಕಿವಿ ಕೇಳಂಗಿಲ್ಲ ಅಂತೀರಿ,” ಎಂದು ಇವಳು ಒಮ್ಮೆ ಅಂದದ್ದಕ್ಕೆ ಪಾದ್ರಿಯವರು ಚುರಮುರಿ ನೆತ್ತಿಗೇರುವಷ್ಟು ನಕ್ಕರು. ಇವಳೂ ನಕ್ಕಳು. ಅಪ್ಪ ಸತ್ತ ಮೇಲೆ ಅವಳ ನಗು ನಾನು ಕೇಳಿದ್ದು ಅಂದೇ.

ಹೋದ ಮಳೆಗಾಲದಲ್ಲಿ ಪಾದ್ರಿಯವರು ತೀರಿಕೊಂಡರು. ಕುಣಿಯ ಹತ್ತಿರ ಹೊಸ ಪಾದ್ರಿಯವರು ಪ್ರಾರ್ಥನೆ ಮಾಡಿ, ಎಲ್ಲ ದೇವರ ಚಿತ್ತ ಅಂದರು. ಎಲ್ಲರೂ ಆಮೆನ್ ಅಂದರು. ಹೆತ್ತ ಮಗನ ಕುಣಿಯ ಮುಂದೆ ಆ ಮಾತು ಅಂದವಳು ನಾನು. ಅವತ್ತು ಮಾತ್ರ ನನ್ನ ಬಾಯಿಂದ ಅದು ಹೊರಡಲಿಲ್ಲ. ಹಿಂದಿನ ಹೆಂಗಸರು ನನ್ನನ್ನೇ ನೋಡುತ್ತಿದ್ದರು.

ಮೊಮ್ಮಗಳು ನನ್ನ ತೋಳು ಹಿಡಿದು, ಬಗ್ಗಿ, ಕಿವಿಯಲ್ಲಿ ಹೇಳಿದಳು.

“ಇರ್ಲಿ ಬಿಡಬೇ ಆಯಿ. ಬಂದು ನಿಂತೀದಿ, ಅಷ್ಟ ಸಾಕು.”